ಹತ್ತಿ ಗಿಡಕ್ಕೆ ತಿಳಿಯದ ಭಾಷೆ: ಬಿಟಿ ಜೀನ್ ತಿದ್ದಿ ಬರೆದದ್ದು ಯಾಕೆ, ಅದರಿಂದ ನಮಗೇನು?

ಮೃಗಶಿರಾ ಮಳೆ ಹತ್ತಿರ ಬಂತೆಂದರೆ ಎರಡು ಬಗೆಯ ಮೆಸೇಜು ಫೋನಿಗೆ ಬಂದು ಬೀಳುತ್ತವೆ. ಒಂದು, "ಬಿಟಿ ಬೀಜದಲ್ಲಿರೋದು ನಮ್ಮ ಮಣ್ಣಿನಲ್ಲೇ ಇರುವ ಬ್ಯಾಕ್ಟೀರಿಯಾದ ಜೀನ್, ಇದ್ದದ್ದನ್ನ ಇದ್ದ ಹಾಗೇ ಹಾಕಿದ್ದಾರೆ, ಶುದ್ಧ ನೈಸರ್ಗಿಕ." ಇನ್ನೊಂದು, "ಬ್ಯಾಕ್ಟೀರಿಯಾದ ವಿಷವನ್ನ ಇದ್ದ ಹಾಗೇ ಗಿಡಕ್ಕೆ ತುಂಬಿದ್ದಾರೆ, ಎಚ್ಚರ." ಒಬ್ಬರು ಹೊಗಳುತ್ತಾರೆ, ಇನ್ನೊಬ್ಬರು ಬೈಯುತ್ತಾರೆ. ಆದರೆ "ಇದ್ದ ಹಾಗೇ" ಅನ್ನೋದು ಇಬ್ಬರಲ್ಲೂ ಇದೆ, ಮತ್ತು ತಪ್ಪಿರೋದೂ ಅಲ್ಲೇ. ಆ ಜೀನನ್ನು ಇದ್ದ ಹಾಗೆ ಹಾಕಿದಾಗ ಗಿಡ ಅದನ್ನು ಸರಿಯಾಗಿ ಓದಲೇ ಇಲ್ಲ. ಅಕ್ಷರ ಅಕ್ಷರ ನೋಡಿ, ಗಿಡದ ಮಾತಿಗೆ ತಿದ್ದಿ ಬರೆದ ಮೇಲೆಯೇ ಅದು ಕೆಲಸ ಮಾಡಿದ್ದು.

ಇದು ಕಾಲೇಜಿನ ವಿಷಯ, ಹೊಲಕ್ಕೇನು ಸಂಬಂಧ ಅಂತೀರೇನೋ. ಸಂಬಂಧ ಇದೆ ಅನ್ನೋದೇ ನನ್ನ ವಾದ. ಕೃಷಿ ಪದವಿ ಮುಗಿಸಿ ಊರಿಗೆ ಬಂದು ಹತ್ತಿ ಬೆಳೆಯುತ್ತಿರುವ ನನಗೆ, ನಾನ್-ಬಿಟಿ ಬೀಜ ಯಾಕೆ ಹಾಕಬೇಕು, ಹತ್ತಿ ಗಿಡ ಹಸಿರಾಗಿದ್ದರೂ ಯಾಕೆ ಕಿತ್ತು ಹಾಕಬೇಕು ಅನ್ನೋ ಎರಡು ಪ್ರಶ್ನೆಗೆ ನೆಟ್ಟಗಿನ ಉತ್ತರ ಸಿಕ್ಕಿದ್ದು ಈ ಅಕ್ಷರದ ಕಥೆಯಿಂದಲೇ.

ಮೊದಲು ಶೇಂಗಾದಿಂದ ಶುರು ಮಾಡೋಣ. ಧಾರವಾಡದ ಕಡೆ ಶೇಂಗಾ. ಮೈಸೂರು, ಮಂಡ್ಯದ ಕಡೆ ಕಡಲೆಕಾಯಿ. ಇನ್ನು ಕೆಲವು ಕಡೆ ನೆಲಗಡಲೆ. ಕಾಯಿ ಒಂದೇ, ಎಣ್ಣೆ ಒಂದೇ, ರೇಟೂ ಹೆಚ್ಚುಕಡಿಮೆ ಒಂದೇ. ಗೋವಿನಜೋಳ, ಮೆಕ್ಕೆಜೋಳ, ಮುಸುಕಿನ ಜೋಳದ ಕಥೆಯೂ ಅಷ್ಟೇ. ಜೀವಿಗಳ ಭಾಷೆಯಲ್ಲೂ ಇದೇ ಆಗಿದೆ.

ಡಿಎನ್‌ಎಯಲ್ಲಿ ಇರೋದು ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಮೂರು ಮೂರು ಅಕ್ಷರ ಸೇರಿ ಒಂದು ಪದ. ಆ ಪದಕ್ಕೆ ಕೋಡಾನ್ ಅಂತ ಹೆಸರು. ನಾಲ್ಕು ಅಕ್ಷರದಲ್ಲಿ ಮೂರಕ್ಷರದ ಪದ ಎಷ್ಟಾಗುತ್ತೆ ಲೆಕ್ಕ ಹಾಕಿ, 64. ಅದರಲ್ಲಿ ಮೂರು ಪದ "ಇಲ್ಲಿಗೆ ನಿಲ್ಲಿಸು" ಅನ್ನೋದಕ್ಕೆ ಮೀಸಲು. ಉಳಿದ 61 ಪದ ಒಂದೊಂದು ಅಮೈನೋ ಆಮ್ಲದ ಹೆಸರು ಹೇಳುತ್ತವೆ. ಅಮೈನೋ ಆಮ್ಲಗಳನ್ನು ಸರದಂತೆ ಪೋಣಿಸಿದರೆ ಪ್ರೋಟೀನ್. ಆದರೆ ಅಮೈನೋ ಆಮ್ಲ ಇರೋದು 20 ಮಾತ್ರ. ಹಾಗಾಗಿ ಒಂದೇ ಆಮ್ಲಕ್ಕೆ ಹಲವು ಹೆಸರು. ಲ್ಯೂಸಿನ್ ಅನ್ನೋದಕ್ಕೆ ಆರು ಕೋಡಾನ್ ಇವೆ. ಟ್ರಿಪ್ಟೊಫ್ಯಾನ್‌ಗೆ ಒಂದೇ. ಈ ಪದಕೋಶವನ್ನು ಬಿಡಿಸಿದ ಕೆಲಸಕ್ಕೆ 1968ರಲ್ಲಿ ನೊಬೆಲ್ ಬಂತು. ಅದನ್ನು ಪಡೆದ ಮೂವರಲ್ಲಿ ಒಬ್ಬರು ಪಂಜಾಬಿನ ಒಂದು ಸಣ್ಣ ಹಳ್ಳಿಯಲ್ಲಿ ಹುಟ್ಟಿದ ಹರಗೋಬಿಂದ್ ಖೊರಾನಾ.

ಪದಕೋಶ ಎಲ್ಲ ಜೀವಿಗೂ ಹೆಚ್ಚುಕಡಿಮೆ ಒಂದೇ. ಹತ್ತಿಯಲ್ಲಿ ಸಿಟಿಜಿ ಅಂದರೆ ಲ್ಯೂಸಿನ್, ಬ್ಯಾಕ್ಟೀರಿಯಾದಲ್ಲೂ ಲ್ಯೂಸಿನ್. ಆದರೆ ಆರು ಪದದಲ್ಲಿ ಯಾವುದನ್ನು ಹೆಚ್ಚು ಬಳಸೋದು ಅನ್ನೋದು ಜೀವಿಯಿಂದ ಜೀವಿಗೆ ಬೇರೆ. ನಮ್ಮ ಕರುಳಿನಲ್ಲಿರುವ ಇ. ಕೊಲಿ ಬ್ಯಾಕ್ಟೀರಿಯಾ ಲ್ಯೂಸಿನ್ ಬೇಕಾದಾಗ ಸುಮಾರು ಅರ್ಧದಷ್ಟು ಸಲ ಸಿಟಿಜಿ ಅನ್ನೋ ಪದವನ್ನೇ ಬಳಸುತ್ತೆ. ಅದೇ ಅರ್ಥದ ಸಿಟಿಎ ನೂರಕ್ಕೆ ಐದು ಸಲವೂ ಬರೋದಿಲ್ಲ. ಫ್ರಾನ್ಸಿನ ರಿಚರ್ಡ್ ಗ್ರಾಂಥಮ್ ತಂಡ 1980ರಲ್ಲಿ ಆಗ ಸಿಕ್ಕಿದ್ದ ಜೀನ್‌ಗಳನ್ನೆಲ್ಲ ಎದುರಿಗಿಟ್ಟು ಎಣಿಸಿ, ಪ್ರತಿ ಜೀವಿಗೂ ತನ್ನದೇ ಒಂದು ಧಾಟಿ ಇದೆ ಅಂತ ತೋರಿಸಿತು.

ಈ ಧಾಟಿ ಯಾಕೆ ಮುಖ್ಯ? ಎಪಿಎಂಸಿ ಯಾರ್ಡನ್ನು ಕಣ್ಣ ಮುಂದೆ ತಂದುಕೊಳ್ಳಿ. ಲಾರಿ ಲೋಡಾಗಬೇಕು. ಹಮಾಲರು ಚೀಲ ಹೊತ್ತು ತರುತ್ತಿದ್ದಾರೆ. ಜೀವಕೋಶದಲ್ಲಿ ಅಮೈನೋ ಆಮ್ಲ ಹೊತ್ತು ತರುವ ಹಮಾಲರಿಗೆ ಟಿಆರ್‌ಎನ್‌ಎ ಅಂತ ಹೆಸರು. ಒಬ್ಬೊಬ್ಬ ಹಮಾಲನಿಗೂ ಕೆಲವೇ ಪದ ಗೊತ್ತು. ಆ ಪದ ಕೂಗಿದಾಗ ಮಾತ್ರ ಅವನು ಬರ್ತಾನೆ. ಒಂದು ಪದಕ್ಕೆ ನೂರು ಜನ ಹಮಾಲರಿದ್ದಾರೆ, ಇನ್ನೊಂದಕ್ಕೆ ಐದೇ ಜನ ಅಂದರೆ, ಆ ಐದು ಜನರ ಪದವನ್ನೇ ಮತ್ತೆ ಮತ್ತೆ ಕೂಗಿದಾಗ ಲೋಡಿಂಗ್ ನಿಂತು ನಿಂತು ಸಾಗುತ್ತೆ. ಹಮಾಲರ ಸಂಖ್ಯೆಗೂ ಪದಗಳ ಬಳಕೆಗೂ ನೇರ ತಾಳೆ ಇದೆ ಅಂತ ಇ. ಕೊಲಿಯಲ್ಲಿ ತೋರಿಸಿದವರು ಜಪಾನಿನ ತೋಶಿಮಿಚಿ ಇಕೆಮುರಾ, 1981ರಲ್ಲಿ. ಅದರಲ್ಲೂ ಭಾರೀ ಪ್ರಮಾಣದಲ್ಲಿ ತಯಾರಾಗಬೇಕಾದ ಪ್ರೋಟೀನ್‌ಗಳ ಜೀನ್‌ಗಳು ಹೆಚ್ಚು ಹಮಾಲರಿರುವ ಪದಗಳನ್ನೇ ಹಿಡಿದುಕೊಂಡಿರುತ್ತವೆ.

ಹಾಗಾದರೆ ಒಂದೊಂದು ಜೀವಿಗೆ ಒಂದೊಂದು ಧಾಟಿ ಬಂದದ್ದು ಹೇಗೆ? ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಎರಡು ಶಕ್ತಿ ಕೆಲಸ ಮಾಡುತ್ತವೆ. ಒಂದು, ನಕಲು ಮಾಡುವಾಗ ಆಗುವ ತಪ್ಪು. ಡಿಎನ್‌ಎಯಲ್ಲಿ ಸಿ ಅಕ್ಷರ ಟಿ ಆಗಿಬಿಡೋದು ಬಹಳ ಸಾಮಾನ್ಯ. ಹೀಗೆ ಬಿಟ್ಟರೆ ಜೀನೋಮ್ ನಿಧಾನಕ್ಕೆ ಎ ಮತ್ತು ಟಿ ಕಡೆಗೆ ವಾಲುತ್ತಾ ಹೋಗುತ್ತೆ. ಎರಡನೆಯದು ಜರಡಿ, ಅಂದರೆ ನಿಸರ್ಗದ ಆಯ್ಕೆ. ತಪ್ಪಿನಿಂದ ಕೆಲಸ ನಿಧಾನವಾದರೆ ಆ ಜೀವಿ ಹಿಂದೆ ಬೀಳುತ್ತೆ. ಅನುಕೂಲ ಇದ್ದರೆ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುವ, ಕೋಟಿ ಕೋಟಿ ಸಂಖ್ಯೆಯಲ್ಲಿರುವ ಇ. ಕೊಲಿಯಂಥ ಬ್ಯಾಕ್ಟೀರಿಯಾದಲ್ಲಿ ಈ ಜರಡಿಯ ಕಣ್ಣು ಬಲು ಸಣ್ಣದು. ಒಂದು ಪದ ತುಸು ನಿಧಾನವಾದರೂ ಸಿಕ್ಕಿಬೀಳುತ್ತೆ.

ಈಗ ನಿಮ್ಮ ಹೊಲದ ಸಸ್ಯಹೇನನ್ನು ನೋಡಿ. ಅದರ ಹೊಟ್ಟೆಯೊಳಗೆ ಬುಕ್ನೆರಾ ಅನ್ನೋ ಬ್ಯಾಕ್ಟೀರಿಯಾ ಕೋಟ್ಯಂತರ ವರ್ಷದಿಂದ ಮನೆ ಮಾಡಿಕೊಂಡಿದೆ. ಗಿಡದ ರಸದಲ್ಲಿ ಸಕ್ಕರೆ ಬೇಕಾದಷ್ಟು, ಅಮೈನೋ ಆಮ್ಲ ಕಡಿಮೆ. ಆ ಕೊರತೆಯನ್ನು ಬುಕ್ನೆರಾ ತುಂಬಿಕೊಡುತ್ತೆ. ಅದು ತಾಯಿ ಹೇನಿನಿಂದ ಮರಿಗೆ ಹೋಗೋದು ಪ್ರತಿ ಸಲವೂ ಕೆಲವೇ ಸಂಖ್ಯೆಯಲ್ಲಿ. ಹೊರಗಿನವರ ಜೊತೆ ಬೆರೆಯೋದು ಇಲ್ಲವೇ ಇಲ್ಲ. ಸಂಖ್ಯೆ ಕಡಿಮೆಯಾದಾಗ ಜರಡಿಯ ಕಣ್ಣು ದೊಡ್ಡದಾಗಿಬಿಡುತ್ತೆ, ಸಣ್ಣಪುಟ್ಟ ತಪ್ಪುಗಳೆಲ್ಲ ಸೋರಿ ಉಳಿದುಬಿಡುತ್ತವೆ. ಪರಿಣಾಮ ಏನಂದ್ರೆ, 2000ನೇ ಇಸವಿಯಲ್ಲಿ ಅದರ ಪೂರ್ತಿ ಜೀನೋಮ್ ಓದಿದಾಗ ಇದ್ದದ್ದು ಸುಮಾರು 6 ಲಕ್ಷ 40 ಸಾವಿರ ಅಕ್ಷರ ಮಾತ್ರ. ಇ. ಕೊಲಿಯಲ್ಲಿ ಸುಮಾರು 46 ಲಕ್ಷ. ಬುಕ್ನೆರಾದ ಅಕ್ಷರಗಳಲ್ಲಿ ನೂರಕ್ಕೆ 74ರಷ್ಟು ಬರೀ ಎ ಮತ್ತು ಟಿ. ಪದಗಳ ಆಯ್ಕೆಯಲ್ಲೂ ಅದೇ ವಾಲು. ಬೇವಿನ ಎಣ್ಣೆ ಹೊಡೆದು ನಾವು ಕೊಲ್ಲುವ ಆ ಪುಟ್ಟ ಹೇನಿನೊಳಗೆ ಇಂಥ ಒಂದು ಇತಿಹಾಸ ಇದೆ ಅಂತ ಗೊತ್ತಾದ ಮೇಲೆ, ಅದನ್ನು ನೋಡುವ ಕಣ್ಣೇ ಬದಲಾಗುತ್ತೆ. ಹಾಗಂತ ಹೊಡೆಯೋದನ್ನ ನಿಲ್ಲಿಸಬೇಡಿ.

ಬಿಟಿಗೆ ಬರೋಣ. ಬಿಟಿ ಅಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್. ಇದನ್ನು ಮೊದಲು ಹಿಡಿದದ್ದು 1901ರಲ್ಲಿ, ಜಪಾನಿನಲ್ಲಿ, ಸಾಯುತ್ತಿದ್ದ ರೇಷ್ಮೆ ಹುಳುವಿನಲ್ಲಿ. (ರೇಷ್ಮೆ ಸಾಕುವವರು ಇದನ್ನು ಮರೆಯಬಾರದು. ಅಂಗಡಿಯಲ್ಲಿ ಸಿಗುವ ಬಿಟಿ ಪುಡಿಯನ್ನು ಹಿಪ್ಪುನೇರಳೆ ತೋಟದ ಹತ್ತಿರ ಸಿಂಪಡಿಸಬೇಡಿ. ಸಾವಯವ ಅಂತ ಬರೆದಿದ್ದರೂ ನಿಮ್ಮ ಹುಳುವಿಗೆ ಅದು ವಿಷವೇ.) ಈ ಬ್ಯಾಕ್ಟೀರಿಯಾದ ಜೀನೋಮೂ ಎ-ಟಿ ಕಡೆಗೆ ವಾಲಿರುವಂಥದ್ದು, ಸುಮಾರು ಮೂರನೇ ಎರಡು ಪಾಲು.

1987ರ ಹೊತ್ತಿಗೆ ಬೆಲ್ಜಿಯಂ ಮತ್ತು ಅಮೆರಿಕದ ತಂಡಗಳು ಈ ಬ್ಯಾಕ್ಟೀರಿಯಾದ ಕ್ರೈ ಜೀನನ್ನು ತಂಬಾಕು, ಟೊಮ್ಯಾಟೊ ಗಿಡಗಳಿಗೆ ಹಾಕಿ ನೋಡಿದವು. ಗಿಡದಲ್ಲಿ ಪ್ರೋಟೀನ್ ಬಂತು, ಆದರೆ ಅತ್ಯಲ್ಪ. ಪ್ರಯೋಗಾಲಯದ ನಾಜೂಕು ಹುಳಕ್ಕೆ ಸಾಕಾಗುವಷ್ಟು, ಹೊಲದ ಕಾಯಿಕೊರಕಕ್ಕೆ ಸಾಲದಷ್ಟು. ಆಗ ಮೊನ್ಸಾಂಟೊದಲ್ಲಿದ್ದ ಫ್ರೆಡ್ರಿಕ್ ಪರ್ಲಾಕ್ ಮತ್ತು ಸಂಗಡಿಗರು ಜೀನನ್ನೇ ತಿದ್ದಿ ಬರೆದರು. ಅರ್ಥ ಬದಲಿಸದೆ, ಪದ ಮಾತ್ರ ಬದಲಿಸಿ. ಶೇಂಗಾ ಇದ್ದಲ್ಲಿ ಕಡಲೆಕಾಯಿ. 1991ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಅಲ್ಲೊಂದು ಇಲ್ಲೊಂದು ಅಕ್ಷರ ತಿದ್ದಿದರೆ ಪ್ರೋಟೀನ್ ಸುಮಾರು ಹತ್ತು ಪಟ್ಟು ಹೆಚ್ಚಿತು, ಪೂರ್ತಿ ತಿದ್ದಿ ಬರೆದಾಗ, ಅಂದರೆ ಸುಮಾರು ಐದರಲ್ಲೊಂದು ಅಕ್ಷರ ಬದಲಾದಾಗ, ನೂರು ಪಟ್ಟಿನವರೆಗೂ ಹೋಯಿತು. ಹತ್ತಿಗೂ ಇದೇ ದಾರಿ ಹಿಡಿದರು.

ಇಲ್ಲಿ ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ಅರ್ಧ ಸತ್ಯ ಹೇಳಿದ ಹಾಗಾಗುತ್ತೆ. ನೂರು ಪಟ್ಟು ಹೆಚ್ಚಿದ್ದು ಹಮಾಲರ ಕೊರತೆ ನೀಗಿದ್ದರಿಂದಲೇ ಅಲ್ಲ. ಬ್ಯಾಕ್ಟೀರಿಯಾದ ಜೀನಿನಲ್ಲಿ ಎ-ಟಿ ಸಾಲುಗಳು ಉದ್ದುದ್ದ ಇರುತ್ತವೆ. ಗಿಡದ ಕಣ್ಣಿಗೆ ಅವುಗಳಲ್ಲಿ ಕೆಲವು "ಸಂದೇಶ ಇಲ್ಲಿಗೆ ಮುಗೀತು, ಕತ್ತರಿಸು" ಅನ್ನೋ ಗುರುತಿನಂತೆ ಕಾಣುತ್ತವೆ. ಗಿಡ ಅಲ್ಲಿಗೇ ಕತ್ತರಿಸಿಬಿಡುತ್ತೆ. ಇನ್ನು ಕೆಲವು ಸಾಲು ಸಂದೇಶವನ್ನು ಬೇಗ ಹಾಳು ಮಾಡುವಂಥವು. ತಿದ್ದಿ ಬರೆದಾಗ ಇವೆಲ್ಲ ಒಟ್ಟಿಗೇ ಹೋದವು. ಪದ ಬದಲಾದರೂ ಅರ್ಥ ಬದಲಾಗದ ತಿದ್ದುಪಡಿಗೆ ವಿಜ್ಞಾನದಲ್ಲಿ "ಮೌನ" ಬದಲಾವಣೆ ಅಂತ ಕರೀತಾರೆ. ಆ ಹೆಸರು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ನೂರು ಪಟ್ಟು ವ್ಯತ್ಯಾಸ ತರೋದು ಅದ್ಯಾವ ಮೌನ?

ಮೆಕ್ಕೆಜೋಳದ ಕಥೆ ಇನ್ನೂ ಸ್ಪಷ್ಟ. ಜೋಳ, ಭತ್ತ, ರಾಗಿ ಎಲ್ಲ ಹುಲ್ಲಿನ ಜಾತಿ. ಈ ಜಾತಿಯ ಅನೇಕ ಜೀನ್‌ಗಳಲ್ಲಿ ಜಿ ಮತ್ತು ಸಿ ಹೆಚ್ಚು. ಅದಕ್ಕೇ 1993ರಲ್ಲಿ ಅಮೆರಿಕದಲ್ಲಿ ಮೆಕ್ಕೆಜೋಳಕ್ಕೆ ಬಿಟಿ ಜೀನ್ ಹಾಕಿದಾಗ ಅದನ್ನು ಜೋಳದ ಧಾಟಿಯಲ್ಲೇ, ಜಿ-ಸಿ ತುಂಬಿಸಿ ಬರೆದರು. ಒಂದೇ ಬಗೆಯ ಪ್ರೋಟೀನ್, ಹತ್ತಿಗೆ ಒಂದು ಬರವಣಿಗೆ, ಜೋಳಕ್ಕೆ ಇನ್ನೊಂದು. (ನಮ್ಮಲ್ಲಿ ಬಿಟಿ ಮೆಕ್ಕೆಜೋಳಕ್ಕೆ ಅನುಮತಿ ಇಲ್ಲ. ಯಾರಾದರೂ ಇದೆ ಅಂತ ಬೀಜ ತೋರಿಸಿದರೆ ದೂರ ಇರಿ.)

ಹಾಗಾಗಿ ಆ ಎರಡು ಮೆಸೇಜಿಗೆ ನನ್ನ ಉತ್ತರ: ಜೀನ್ ಮನುಷ್ಯರು ತಿದ್ದಿ ಬರೆದದ್ದು, "ಇದ್ದ ಹಾಗೇ ನೈಸರ್ಗಿಕ" ಅಲ್ಲ. ಆದರೆ ಅದರಿಂದ ಹುಟ್ಟುವ ಪ್ರೋಟೀನ್ ಹೆಚ್ಚುಕಡಿಮೆ ಬ್ಯಾಕ್ಟೀರಿಯಾದ್ದೇ, ಯಾವುದೋ ಹೊಸ ವಿಷ ಅಲ್ಲ. ಬದಲಾದದ್ದು ಪ್ರಮಾಣ. ರೈತನಿಗೆ ಮುಖ್ಯವಾದ ಸಂಗತಿ ಈ ಪ್ರಮಾಣವೇ, ಮೆಸೇಜ್ ಕಳಿಸುವವರು ಯಾರೂ ಅದರ ಬಗ್ಗೆ ಮಾತೇ ಆಡೋದಿಲ್ಲ.

ಯಾಕೆ ಮುಖ್ಯ ಅಂತ ನೋಡಿ. ಹುಳಕ್ಕೂ ಪ್ರತಿ ಜೀನಿನ ಎರಡು ಪ್ರತಿ ಇರುತ್ತವೆ, ತಾಯಿಯದೊಂದು, ತಂದೆಯದೊಂದು. ಬಿಟಿಗೆ ತಡೆಯುವ ಗುಣ ಎರಡೂ ಪ್ರತಿಯಲ್ಲಿ ಇರುವ ಹುಳ ಶುರುವಿನಲ್ಲಿ ತೀರಾ ಅಪರೂಪ. ಒಂದು ಪ್ರತಿಯಲ್ಲಿ ಮಾತ್ರ ಇರುವ ಹುಳ ಅದಕ್ಕಿಂತ ಹೆಚ್ಚು. ಗಿಡದಲ್ಲಿ ಪ್ರೋಟೀನ್ ಸಾಕಷ್ಟು ಇದ್ದರೆ ಈ ಒಂದು ಪ್ರತಿಯ ಹುಳವೂ ಸಾಯುತ್ತೆ. ಎರಡು ಪ್ರತಿಯ ಅಪರೂಪದ ಹುಳ ಉಳಿದು ಪತಂಗವಾದಾಗ, ಪಕ್ಕದ ನಾನ್-ಬಿಟಿ ಸಾಲಿನಿಂದ ಬಂದ ಸಾಮಾನ್ಯ ಪತಂಗದ ಜೊತೆ ಕೂಡಿದರೆ, ಮರಿಗಳೆಲ್ಲ ಒಂದು ಪ್ರತಿಯವು. ಮತ್ತೆ ಸಾಯುತ್ತವೆ. ಯೋಜನೆ ಪೂರ್ತಿ ನಿಂತಿದ್ದು ಎರಡು ಕಾಲಿನ ಮೇಲೆ: ಗಿಡದಲ್ಲಿ ಭರ್ತಿ ಪ್ರಮಾಣ, ಪಕ್ಕದಲ್ಲಿ ನಾನ್-ಬಿಟಿ. ಅಕ್ಷರ ತಿದ್ದಿದ್ದು ಮೊದಲನೇ ಕಾಲಿಗೆ. ಎರಡನೇ ಕಾಲು ನಮ್ಮ ಕೈಯಲ್ಲಿತ್ತು.

ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿದ್ದು 2002ರ ಮಾರ್ಚ್‌ನಲ್ಲಿ. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ನಾನ್-ಬಿಟಿ ಪ್ಯಾಕೆಟ್ ಇಟ್ಟು, ಸುತ್ತ ಐದು ಸಾಲು ಅಥವಾ ಜಮೀನಿನ ಶೇ. 20, ಯಾವುದು ಹೆಚ್ಚೋ ಅಷ್ಟು ಹಾಕಿ ಅಂತ ನಿಯಮ ಮಾಡಿದರು. ಆ ಸಣ್ಣ ಪ್ಯಾಕೆಟ್ ಎಷ್ಟು ಕಡೆ ತಿಪ್ಪೆ ಸೇರಿತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಾನು ರೈತರನ್ನಷ್ಟೇ ದೂರಲಾರೆ. ಎರಡು ಎಕರೆ ಇರುವವನಿಗೆ "ಐದರಲ್ಲೊಂದು ಪಾಲು ಹುಳಕ್ಕೆ ಬಿಡು" ಅಂತ ಹೇಳಿ, ಯಾಕೆ ಅಂತ ಅವನ ಭಾಷೆಯಲ್ಲಿ ವಿವರಿಸದಿದ್ದರೆ ಅವನು ಯಾಕೆ ಬಿಡ್ತಾನೆ? ಗಿಡಕ್ಕೆ ಅರ್ಥವಾಗುವ ಹಾಗೆ ಜೀನನ್ನು ತಿದ್ದಿ ಬರೆಯಲು ಅಷ್ಟು ಶ್ರಮ ಪಟ್ಟವರು, ರೈತನಿಗೆ ಅರ್ಥವಾಗುವ ಹಾಗೆ ಒಂದು ಹಾಳೆ ಬರೆಯಲಿಲ್ಲ.

ಮುಂದೆ ಆದದ್ದು ನೇರ. ಗುಲಾಬಿ ಕಾಯಿಕೊರಕ ಗುಜರಾತಿನಲ್ಲಿ ಕ್ರೈ1ಎಸಿ ಪ್ರೋಟೀನನ್ನು ಗೆದ್ದದ್ದು 2010ರಲ್ಲಿ ಬಹಿರಂಗವಾಯಿತು. ಎರಡು ಜೀನಿನ ಬಿಜಿ-2 ಬೀಜ 2006ರಲ್ಲೇ ಬಂದಿತ್ತು. 2015ರ ಹೊತ್ತಿಗೆ ಅದನ್ನೂ ಗೆದ್ದು, ರಾಯಚೂರು ಭಾಗದ ಹೊಲಗಳಲ್ಲೂ ಕಾಯಿ ಒಡೆದು ನೋಡಿದರೆ ಗುಲಾಬಿ ಹುಳ. ಈ ಹುಳ ಏನು ಮಾಡಿತು ಗೊತ್ತೇ? ಪ್ರೋಟೀನ್ ಬಂದು ಅಂಟಿಕೊಳ್ಳುವ ತನ್ನ ಕರುಳಿನ ಒಂದು ಕೊಂಡಿಯ ಜೀನನ್ನೇ ಕೆಡಿಸಿಕೊಂಡಿತು. ನಾವು ಐದರಲ್ಲೊಂದು ಅಕ್ಷರ ತಿದ್ದಿದರೆ ಅದಕ್ಕೆ ತನ್ನ ಜೀನಿನಲ್ಲಿ ಒಂದೆರಡು ತಪ್ಪು ಸಾಕಾಯಿತು.

ನಮ್ಮ ದೇಶದಲ್ಲಿ ಇನ್ನೆರಡು ತೊಡಕು ಸೇರಿಕೊಂಡವು. ನಾವು ಬೆಳೆಯೋದು ಹೈಬ್ರಿಡ್. ಜೀನ್ ಸಾಮಾನ್ಯವಾಗಿ ಒಂದು ಕಡೆಯ ಪೋಷಕ ತಳಿಯಿಂದ ಮಾತ್ರ ಬಂದಿರುತ್ತೆ. ಹಾಗಾಗಿ ಕಾಯಿಯೊಳಗಿನ ಬೀಜಗಳಲ್ಲಿ ಕೆಲವಕ್ಕೆ ಜೀನ್ ಇದೆ, ಕೆಲವಕ್ಕೆ ಇಲ್ಲ. ಗುಲಾಬಿ ಹುಳ ತಿನ್ನೋದು ಆ ಬೀಜಗಳನ್ನೇ. ಅಲ್ಲಿ ಭರ್ತಿ ಪ್ರಮಾಣ ಅನ್ನೋ ಮಾತೇ ಮುರಿದುಬಿತ್ತು.

ಇನ್ನೊಂದು ತೊಡಕು ಗಿಡದ ವಯಸ್ಸು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯವರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಿಡ ಬೆಳೆದಂತೆ ಕ್ರೈ1ಎಸಿ ಪ್ರಮಾಣ ಇಳಿಯುತ್ತಾ ಹೋಗಿ, ಬಿತ್ತಿ ಸುಮಾರು 110 ದಿನ ಕಳೆದ ಮೇಲೆ ಹಸಿರು ಕಾಯಿಕೊರಕವನ್ನು ಕೊಲ್ಲಲು ಬೇಕಾದ ಮಟ್ಟಕ್ಕಿಂತ ಕೆಳಗೆ ಬಂದದ್ದು ಕಂಡಿತು. ಎಲೆಯಲ್ಲಿ ಹೆಚ್ಚು, ಹೂವಿನ ಅಂಡಾಶಯದಲ್ಲಿ ಮತ್ತು ಕಾಯಿಯ ಸಿಪ್ಪೆಯಲ್ಲಿ ಅತಿ ಕಡಿಮೆ. ಅಂದರೆ ಹುಳ ಕೊರೆಯುವ ಜಾಗದಲ್ಲೇ ಕಡಿಮೆ. ಅಕ್ಷರ ಎಷ್ಟೇ ಚೆನ್ನಾಗಿ ತಿದ್ದಿದರೂ ಮುದಿ ಗಿಡ ಆ ಸಂದೇಶವನ್ನು ಮೊದಲಿನಷ್ಟು ಕೂಗೋದಿಲ್ಲ. ಬಿಟಿ ಇದೆಯೋ ಇಲ್ಲವೋ ಅಂತ ಎಲೆ ಅರೆದು ನೋಡುವ ಪಟ್ಟಿ ಪರೀಕ್ಷೆ ಕೂಡ "ಇದೆ" ಅನ್ನುತ್ತೆ, "ಸಾಕಷ್ಟಿದೆ" ಅನ್ನೋದಿಲ್ಲ.

ಈಗ ಬರುವ ಪ್ಯಾಕೆಟ್ 475 ಗ್ರಾಮಿನದು, ನಾನ್-ಬಿಟಿ ಬೀಜ ಶೇ. 5ರಿಂದ 10ರಷ್ಟು ಒಳಗೇ ಬೆರೆತಿರುತ್ತೆ. ಎಸೆಯುವ ದಾರಿ ಮುಚ್ಚಿತು, ನನಗೆ ಇದು ಒಳ್ಳೆಯದೇ ಅನ್ನಿಸುತ್ತೆ. ಆದರೆ ಬಿಲ್ ಇಲ್ಲದ ಲೂಸ್ ಬೀಜ, ಹೋದ ವರ್ಷದ ಹತ್ತಿಯಿಂದ ಜಿನ್ನಿಂಗ್ ಮಿಲ್‌ನಲ್ಲಿ ತೆಗೆದ ಬೀಜ ಹಾಕಿದರೆ ಯಾವ ಗಿಡದಲ್ಲಿ ಯಾವ ಜೀನ್ ಇದೆ ಅಂತ ದೇವರಿಗೇ ಗೊತ್ತು. ಕಾಯಿಯೊಳಗಿನ ಬೀಜದ ಮಾತು ಈಗಷ್ಟೇ ಹೇಳಿದೆನಲ್ಲ, ಅದೇ ಲೆಕ್ಕ ಹೊಲಪೂರ್ತಿ ಹರಡಿಕೊಳ್ಳುತ್ತೆ.

ಬಿಟಿ ಜೀನಿನ ಮೇಲೆ ಭಾರ ಹಾಕಿ ಕೂರುವ ಕಾಲ ಗುಲಾಬಿ ಹುಳದ ಮಟ್ಟಿಗೆ ಮುಗಿದಿದೆ ಅನ್ನೋದು ನನ್ನ ಅಭಿಪ್ರಾಯ. ಹಸಿರು ಕಾಯಿಕೊರಕಕ್ಕೆ ಅದು ಇನ್ನೂ ಕೆಲಸಕ್ಕೆ ಬರುತ್ತೆ, ಅದನ್ನಾದರೂ ಉಳಿಸಿಕೊಳ್ಳೋಣ. ನಾನು ಮಾಡೋದು ಇಷ್ಟು. ಬಿತ್ತಿ 45 ದಿನಕ್ಕೆ ಎಕರೆಗೆ ಎರಡು ಮೋಹಕ ಬಲೆ ಕಟ್ಟುತ್ತೇನೆ. ಸತತ ಮೂರು ದಿನ ಬಲೆಗೆ ದಿನಕ್ಕೆ ಎಂಟು ಪತಂಗ ಬಿದ್ದರೆ, ಅಥವಾ ನೂರು ಹೂವಿನಲ್ಲಿ ಹತ್ತು ಗುಲಾಬಿಯಂತೆ ಮುದುರಿಕೊಂಡಿದ್ದರೆ, ಆಗ ಔಷಧಿ. ಅದಕ್ಕಿಂತ ಮೊದಲು ಇಲ್ಲ. ಮತ್ತು ಡಿಸೆಂಬರ್ ಮುಗಿಯೋದರೊಳಗೆ ಹೊಲ ಖಾಲಿ.

ಈ ಕೊನೆಯದಕ್ಕೇ ನಮ್ಮ ಮನೆಯಲ್ಲಿ ಪ್ರತಿ ವರ್ಷ ಜಗಳ. "ಗಿಡ ಹಸಿರಿದೆ, ಕಾಲುವೆಯಲ್ಲಿ ನೀರಿದೆ, ಇನ್ನೊಂದು ಸಲ ಬಿಡಿಸಿದರೆ ಎರಡು ಕ್ವಿಂಟಲ್ ಬರ್ತಾವ, ಕೀಳೋದು ಯಾಕ?" ಅಂತ ಅಪ್ಪ. ನಾನು ಹೇಳೋದು: ಅಪ್ಪಾ, ಗಿಡ ಹಸಿರಿದೆ, ಆದರೆ ಒಳಗಿನ ಔಷಧಿ ಇಳಿದಿದೆ. ಈಗ ಅದನ್ನು ತಿನ್ನುವ ಹುಳ ಸಾಯೋದಿಲ್ಲ, ಪಾಠ ಕಲೀತದೆ. ಆ ಪಾಠ ಕಲಿತ ಹುಳ ಬರೋ ಜುಲೈಯಲ್ಲಿ ನಮ್ಮ ಹೊಲಕ್ಕೂ ಬರ್ತದೆ, ಪಕ್ಕದ ದೊಡ್ಡಪ್ಪನ ಹೊಲಕ್ಕೂ ಹೋಗ್ತದೆ. ಹೋದ ಎರಡು ವರ್ಷದಿಂದ ಜನವರಿ ಬರುವ ಮೊದಲೇ ಕುರಿ ಮಂದೆ ಬಿಟ್ಟು ಉಳಿದ ಕಾಯಿ ಮೇಯಿಸಿ, ಹತ್ತಿ ಕಟ್ಟಿಗೆ ಕಿತ್ತು ಪುಡಿ ಮಾಡಿಸುತ್ತಿದ್ದೇವೆ. ದೊಡ್ಡಪ್ಪ ಇನ್ನೂ ಒಪ್ಪಿಲ್ಲ. ಅವರ ಬದುವಿನ ಆಚೆ ಹತ್ತಿ ಫೆಬ್ರವರಿವರೆಗೂ ನಿಂತಿರುತ್ತೆ.